ಕಿಟಕಿಗೆ ಮೆಶ್ ಹಾಕಿದರೆ ಮನೆಯೊಳಗಿನ ಗಾಳಿಗೆ ಏನಾಗುತ್ತದೆ?

ತಿಂಗಳುಗಟ್ಟಲೆ ಮುಟ್ಟದ ಕಿಟಕಿಯ ಮೆಶ್ ಬಿಚ್ಚಿ ತೊಳೆದರೆ ಕಪ್ಪು ನೀರು ಇಳಿಯುತ್ತದೆ. ಅದನ್ನು ನೋಡಿದವರಿಗೆ ಥಟ್ಟನೆ ಅನ್ನಿಸುವುದು ಒಂದೇ: ಇಷ್ಟೆಲ್ಲ ಕೊಳೆ ನಮ್ಮ ಎದೆಗೆ ಇಳಿಯುತ್ತಿತ್ತು, ಸದ್ಯ ಮೆಶ್ ತಡೆಯಿತು. ಇನ್ನು ಕೆಲವರು ಮೆಶ್ ಬೇಡವೇ ಬೇಡ ಅನ್ನುತ್ತಾರೆ. ಅದನ್ನು ಹಾಕಿದರೆ ಗಾಳಿಯೇ ಆಡುವುದಿಲ್ಲ, ಕೋಣೆಯಲ್ಲಿ ಉಸಿರುಗಟ್ಟುತ್ತದೆ ಅನ್ನುವುದು ಅವರ ದೂರು. ಎರಡು ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ಮುಖ್ಯವಾದದ್ದು ಎರಡರಲ್ಲೂ ಬಿಟ್ಟುಹೋಗಿದೆ.

ಮೆಶ್ ಗಾಳಿಯನ್ನು ಸೋಸುವುದು ತೀರಾ ಕಡಿಮೆ. ತಡೆಯುವುದು ಸ್ವಲ್ಪ. ಆದರೆ ರಾತ್ರಿ ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಅನ್ನುವ ನಮ್ಮ ತೀರ್ಮಾನವನ್ನು ಅದು ಬದಲಿಸಿಬಿಡುತ್ತದೆ. ಮನೆಯೊಳಗಿನ ಗಾಳಿಯ ಮಟ್ಟಿಗೆ ಮೆಶ್‌ನಿಂದ ಆಗುವ ಅತಿ ದೊಡ್ಡ ಪರಿಣಾಮ ಇದೇ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅನ್ನುವುದನ್ನು ಅಳತೆಯಿಂದಲೇ ಶುರು ಮಾಡೋಣ.

ತೂತು ಎಷ್ಟು, ದೂಳು ಎಷ್ಟು

ಸಾಮಾನ್ಯವಾಗಿ ಕಾಣುವ ಫೈಬರ್‌ಗ್ಲಾಸ್ ಮೆಶ್‌ನಲ್ಲಿ ಒಂದು ಇಂಚಿಗೆ ಒಂದು ದಿಕ್ಕಿನಲ್ಲಿ 18 ಎಳೆ, ಇನ್ನೊಂದು ದಿಕ್ಕಿನಲ್ಲಿ 16 ಎಳೆ ಇರುತ್ತವೆ. ಎಳೆಯ ದಪ್ಪ ಸುಮಾರು 0.28 ಮಿಲಿಮೀಟರ್. ಲೆಕ್ಕ ಹಾಕಿದರೆ ಎರಡು ಎಳೆಗಳ ನಡುವೆ ಉಳಿಯುವ ತೂತು ಹೆಚ್ಚುಕಡಿಮೆ 1.2 ಮಿಲಿಮೀಟರ್. ಅಂದರೆ 1200 ಮೈಕ್ರಾನ್. ಸೊಳ್ಳೆ, ನೊಣ ಇದರಲ್ಲಿ ನುಸುಳಲಾರವು.

ಈಗ ಗಾಳಿಯಲ್ಲಿರುವ ಕಣಗಳ ಅಳತೆ ನೋಡಿ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹೂವಿನ ಪರಾಗ ಬಹುಪಾಲು 10ರಿಂದ 100 ಮೈಕ್ರಾನ್. ಬೂಷ್ಟಿನ ಬೀಜಕಣಗಳು ಇನ್ನೂ ಚಿಕ್ಕವು, ಹೆಚ್ಚಿನವು 2ರಿಂದ 20 ಮೈಕ್ರಾನ್ ಒಳಗೇ ಇರುತ್ತವೆ. ಆರೋಗ್ಯಕ್ಕೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವ ಪಿಎಂ 2.5 ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣಗಳು. ಹೊಗೆ, ವಾಹನಗಳ ಮಸಿ ಈ ಗುಂಪಿಗೆ ಸೇರುತ್ತವೆ. ಇವು ಶ್ವಾಸಕೋಶದ ಕೊನೆಯ ತುದಿಯವರೆಗೂ ಇಳಿಯುತ್ತವೆ.

2.5 ಎಲ್ಲಿ, 1200 ಎಲ್ಲಿ? ತೂತು ಕಣಕ್ಕಿಂತ 480 ಪಟ್ಟು ದೊಡ್ಡದು. ಆ ಕಣವನ್ನು ಒಂದು ಸಾಸಿವೆ ಕಾಳಿನಷ್ಟು ಹಿಗ್ಗಿಸಿದರೆ, ಮೆಶ್‌ನ ಒಂದೊಂದು ತೂತೂ ಮನೆಬಾಗಿಲಿನಷ್ಟು ಅಗಲ ಆಗುತ್ತದೆ. ಬಾಗಿಲಿಗೆ ಎಸೆದ ಸಾಸಿವೆ ಚೌಕಟ್ಟಿಗೆ ತಾಗುವುದು ಅಪರೂಪ, ಅಲ್ವಾ?

ಹಾಗಾದರೆ ಆ ಕಪ್ಪು ನೀರು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಗಾಳಿ ಎಳೆಯನ್ನು ಹೇಗೆ ದಾಟುತ್ತದೆ ಅನ್ನುವುದರಲ್ಲಿದೆ. ಎಳೆ ಎದುರಾದಾಗ ಗಾಳಿ ಅದಕ್ಕೆ ಡಿಕ್ಕಿ ಹೊಡೆಯುವುದಿಲ್ಲ. ಬಳಸಿಕೊಂಡು ಹೋಗುತ್ತದೆ. ಚಿಕ್ಕ ಕಣ ತೂಕವೇ ಇಲ್ಲದಷ್ಟು ಹಗುರ. ಗಾಳಿ ತಿರುಗಿದ ಕಡೆ ಅದೂ ತಿರುಗಿ, ಎಳೆಯನ್ನು ಮುಟ್ಟದೆ ಒಳಗೆ ಬರುತ್ತದೆ. 20–30 ಮೈಕ್ರಾನ್‌ನ ದಪ್ಪ ದೂಳಿಗೆ ಹಾಗೆ ತಟ್ಟನೆ ತಿರುಗಲು ಆಗುವುದಿಲ್ಲ. ಬಂದ ವೇಗದಲ್ಲೇ ನೇರ ಹೋಗಿ ಎಳೆಗೆ ಬಡಿಯುತ್ತದೆ. ಕೆಲವು ಅಂಟಿಕೊಳ್ಳುತ್ತವೆ, ಕೆಲವು ಪುಟಿದು ಹೋಗುತ್ತವೆ. ಆದರೆ ಎಳೆಗಳು ಇರುವುದು ಮೆಶ್‌ನ ಮೂರನೇ ಒಂದು ಭಾಗದಷ್ಟು ಜಾಗದಲ್ಲಿ ಮಾತ್ರ. ಉಳಿದ ಮೂರನೇ ಎರಡು ಭಾಗ ಬರೀ ತೂತು. ಆ ತೂತಿನ ಎದುರಿಗೆ ಬಂದ ಕಣ ಎಷ್ಟೇ ದಪ್ಪವಿದ್ದರೂ ಸೀದಾ ಒಳಗೆ.

ಹೀಗೆ ಮೆಶ್ ಹಿಡಿಯುವುದು ದಪ್ಪ ದೂಳಿನ ಮತ್ತು ಪರಾಗದ ಒಂದು ಪಾಲನ್ನು ಮಾತ್ರ. ದಪ್ಪ ದೂಳು ಹೇಗೂ ಮೂಗು, ಗಂಟಲಿನಲ್ಲೇ ಬಹುಪಾಲು ನಿಲ್ಲುತ್ತದೆ. ಎದೆಗೆ ಇಳಿಯುವಷ್ಟು ಸಣ್ಣದನ್ನು ಮೆಶ್ ಬಿಟ್ಟುಬಿಡುತ್ತದೆ. ಕಪ್ಪು ನೀರನ್ನು ನೋಡಿ ನೆಮ್ಮದಿ ಪಡುವುದು ತಪ್ಪು ಅನ್ನುವುದು ಇದಕ್ಕೇ. ಇನ್ನೊಂದು ವಿಷಯ: ಆ ಕೊಳೆಯೆಲ್ಲ ಹೊರಗಿನದೇ ಅಲ್ಲ. ಗಾಳಿ ಎರಡೂ ಕಡೆ ಓಡಾಡುತ್ತದೆ. ಬಟ್ಟೆಯ ನವಿರಾದ ಎಳೆ, ಹಾಸಿಗೆಯ ದೂಳು, ಅಡುಗೆಯ ಜಿಡ್ಡು ಒಳಗಿನಿಂದಲೇ ಹೋಗಿ ಮೆಶ್‌ಗೆ ಮೆತ್ತಿಕೊಂಡಿರುತ್ತವೆ.

ಗಾಳಿಗೆ ಎಷ್ಟು ಅಡ್ಡಿ

ಮೂರನೇ ಒಂದು ಭಾಗ ಜಾಗವನ್ನು ಎಳೆಗಳೇ ತಿಂದರೆ ಗಾಳಿಯೂ ಅಷ್ಟೇ ಕಡಿಮೆಯಾಗಬೇಕಲ್ಲ ಅನ್ನಿಸಬಹುದು. ಲೆಕ್ಕ ಅಷ್ಟು ನೇರವಾಗಿಲ್ಲ. ಮೆಶ್ ಇಲ್ಲದ ಕಿಟಕಿಯಲ್ಲೂ ಗಾಳಿ ಸಲೀಸಾಗಿ ಬರುವುದಿಲ್ಲ. ಚೌಕಟ್ಟಿನ ಅಂಚಿನಲ್ಲಿ ಅದು ಹಿಂಡಿಕೊಂಡು ಒಳಗೆ ನುಗ್ಗಬೇಕು. ಆ ಅಡ್ಡಿಯ ಜೊತೆಗೆ ಮೆಶ್‌ನ ಅಡ್ಡಿ ಸೇರುತ್ತದೆ, ಅಷ್ಟೆ. ಸ್ವಚ್ಛವಾದ ಸಾಮಾನ್ಯ ಮೆಶ್‌ನಿಂದ ಗಾಳಿಯ ಹರಿವು ಹೆಚ್ಚುಕಡಿಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಯುತ್ತದೆ ಅಂದುಕೊಂಡರೆ ದೊಡ್ಡ ತಪ್ಪಾಗದು. ಗಾಳಿ ಜೋರಾಗಿದ್ದಾಗ ಈ ನಷ್ಟ ಕಡಿಮೆ, ಮೆಲ್ಲಗೆ ಬೀಸುವಾಗ ಜಾಸ್ತಿ. ನಿಧಾನವಾಗಿ ಹೋಗುವ ಗಾಳಿಗೆ ಎಳೆಗಳ ಉಜ್ಜುವಿಕೆ ಹೆಚ್ಚು ಭಾರ ಆಗುವುದೇ ಇದಕ್ಕೆ ಕಾರಣ. ಸೆಕೆಯ ದಿನ ಎಲೆಯೂ ಅಲುಗಾಡದ ಹೊತ್ತಿನಲ್ಲಿ "ಮೆಶ್ ಇದ್ದರೆ ಗಾಳಿಯೇ ಇಲ್ಲ" ಅನ್ನುವವರ ದೂರಿನಲ್ಲಿ ಹುರುಳಿದೆ.

ಆದರೆ ಈ ನಷ್ಟವನ್ನು ಯಾವುದರ ಜೊತೆ ಹೋಲಿಸಬೇಕು? ಮೆಶ್ ಇಲ್ಲದ ತೆರೆದ ಕಿಟಕಿಯ ಜೊತೆಗೋ, ಮುಚ್ಚಿದ ಕಿಟಕಿಯ ಜೊತೆಗೋ? ಸೊಳ್ಳೆ ಇರುವ ಕಡೆ ಕತ್ತಲಾದ ಮೇಲೆ ಮೆಶ್ ಇಲ್ಲದ ಕಿಟಕಿಯನ್ನು ಯಾರೂ ತೆರೆದಿಡುವುದಿಲ್ಲ. ಹಾಗಾಗಿ ನಿಜವಾದ ಹೋಲಿಕೆ ಮುಚ್ಚಿದ ಕಿಟಕಿಯ ಜೊತೆಗೆ.

ಒಂದು ಮಲಗುವ ಕೋಣೆಯನ್ನು ತೆಗೆದುಕೊಳ್ಳೋಣ. ಇಬ್ಬರು ಮಲಗಿದ್ದಾರೆ. ನಿದ್ದೆಯಲ್ಲಿರುವ ದೊಡ್ಡವರೊಬ್ಬರು ಗಂಟೆಗೆ ಸುಮಾರು 13 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. ಇಬ್ಬರಿಂದ 26 ಲೀಟರ್. ಹೊರಗಿನ ಗಾಳಿಯಲ್ಲೇ ಇದರ ಪ್ರಮಾಣ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು ಇರುತ್ತದೆ. ತೆರೆದ ಕಿಟಕಿಯಿಂದ ಗಂಟೆಗೆ 100 ಘನ ಮೀಟರ್ ಹೊಸ ಗಾಳಿ ಬರುತ್ತಿದ್ದರೆ ಕೋಣೆಯ ಮಟ್ಟ 680 ಪಿಪಿಎಂ ಹತ್ತಿರ ನಿಲ್ಲುತ್ತದೆ. ಮೆಶ್ ಹಾಕಿದಿರಿ, ಹರಿವು 70ಕ್ಕೆ ಇಳಿಯಿತು ಅನ್ನಿ. ಮಟ್ಟ 790ಕ್ಕೆ ಏರುತ್ತದೆ. ಈಗ ಕಿಟಕಿ, ಬಾಗಿಲು ಎರಡೂ ಮುಚ್ಚಿ. ಸಂದಿಗಳಿಂದ ಗಂಟೆಗೆ 10 ಘನ ಮೀಟರ್ ಗಾಳಿ ನುಸುಳಿದರೂ ಬೆಳಗಿನ ಹೊತ್ತಿಗೆ ಮಟ್ಟ 3000ದ ಹತ್ತಿರ ಬಂದಿರುತ್ತದೆ.

ಹರಿವಿನ ಅಂಕಿಗಳನ್ನು ನಾನು ಉದಾಹರಣೆಗೆಂದು ಆರಿಸಿಕೊಂಡದ್ದು. ನಿಮ್ಮ ಕೋಣೆಯಲ್ಲಿ ಅವು ಬೇರೆಯೇ ಇರುತ್ತವೆ. ಆದರೆ ಮೂರು ಮಟ್ಟಗಳ ನಡುವಿನ ಅಂತರ ಗಮನಿಸಿ. ಮೆಶ್‌ನಿಂದ ಆದ ಏರಿಕೆ 110. ಕಿಟಕಿ ಮುಚ್ಚಿದ್ದರಿಂದ ಆದದ್ದು 2000ಕ್ಕೂ ಜಾಸ್ತಿ.

ಇಷ್ಟು ಇಂಗಾಲದ ಡೈಆಕ್ಸೈಡ್ ವಿಷವೇನಲ್ಲ. ಕೋಣೆಯ ಗಾಳಿ ಎಷ್ಟು ಹಳಸಿದೆ ಅನ್ನುವುದಕ್ಕೆ ಅದು ಸುಲಭವಾಗಿ ಅಳೆಯಬಹುದಾದ ಗುರುತು. ಅದು ಹೊರಗೆ ಹೋಗದೆ ಉಳಿದಿದೆ ಅಂದರೆ ಬೇರೆಯವೂ ಉಳಿದಿವೆ ಅಂತ ಅರ್ಥ. ಪ್ಲೈವುಡ್ ಪೀಠೋಪಕರಣದಿಂದ ಹೊರಬೀಳುವ ಫಾರ್ಮಾಲ್ಡಿಹೈಡ್, ಬಣ್ಣ-ವಾರ್ನಿಷ್‌ಗಳ ಆವಿ, ಗ್ಯಾಸ್ ಒಲೆಯ ಉರಿಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್, ಉಸಿರಿನ ತೇವ, ನೆಗಡಿ ಆದವರ ಉಸಿರಿನಿಂದ ಬರುವ ವೈರಸ್ – ಇವನ್ನೆಲ್ಲ ಹೊರಗೆ ಕಳಿಸುವ ಸುಲಭದ ದಾರಿ ತೆರೆದ ಕಿಟಕಿಯೇ.

ಸೊಳ್ಳೆ ಬತ್ತಿಯ ಲೆಕ್ಕ

ಕಿಟಕಿ ಮುಚ್ಚುವುದು ಒಂದು ಬಗೆಯ ನಷ್ಟ. ಸೊಳ್ಳೆ ಒಳಗೆ ಬಂದೇ ಬಿಟ್ಟಿತು ಅಂತ ಬತ್ತಿ ಹಚ್ಚುವುದು ಇನ್ನೊಂದು. ಈ ವಿಷಯ ಬಂದಾಗ ನನಗೆ ನಿಜಕ್ಕೂ ಕಳವಳ ಆಗುತ್ತದೆ. ಸೊಳ್ಳೆಯಿಂದ ಮಕ್ಕಳನ್ನು ಕಾಪಾಡಬೇಕು ಅನ್ನುವ ಪ್ರೀತಿಯಿಂದಲೇ ಜನ ಮುಚ್ಚಿದ ಕೋಣೆಯಲ್ಲಿ ಬತ್ತಿ ಹಚ್ಚುತ್ತಾರೆ.

2003ರಲ್ಲಿ "ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್" ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚೀನಾ ಮತ್ತು ಮಲೇಷ್ಯಾದ ಸೊಳ್ಳೆ ಬತ್ತಿಗಳನ್ನು ಉರಿಸಿ ಹೊಗೆ ಅಳೆದಿದ್ದರು. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಪಿಎಂ 2.5, 75ರಿಂದ 137 ಸಿಗರೇಟುಗಳಿಂದ ಬರುವಷ್ಟು ಅಂತ ಕಂಡುಬಂತು. ಫಾರ್ಮಾಲ್ಡಿಹೈಡ್ ಕೆಲವು ಬತ್ತಿಗಳಲ್ಲಿ 51 ಸಿಗರೇಟಿಗೆ ಸಮ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದು ದಿನದ ಸರಾಸರಿ ಪಿಎಂ 2.5, ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಬತ್ತಿ ಉರಿದರೆ ಆ ಮಿತಿಯ ಮಾತೇ ಉಳಿಯುವುದಿಲ್ಲ.

ಮೆಶ್ ಒಂದು ಕಣವನ್ನೂ ಸೋಸದೆ ಈ ಅಷ್ಟೂ ಹೊಗೆಯನ್ನು ಇಲ್ಲವಾಗಿಸಬಲ್ಲದು. ಬತ್ತಿ ಹಚ್ಚುವ ಕಾರಣವನ್ನೇ ಅದು ತೆಗೆದುಹಾಕುತ್ತದೆ. ನನ್ನ ಲೆಕ್ಕದಲ್ಲಿ ಮೆಶ್‌ನಿಂದ ಮನೆಗಾಳಿಗೆ ಆಗುವ ಉಪಕಾರಗಳಲ್ಲಿ ಇದಕ್ಕೇ ಮೊದಲ ಜಾಗ.

ಮೆಶ್ ಸೊಳ್ಳೆಯನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ ಅನ್ನುವ ಈ ಸರಳ ಸಂಗತಿಗೆ ಒಂದು ದೊಡ್ಡ ಚರಿತ್ರೆಯೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಮಲೇರಿಯಾ ಬರುವುದು ಜವುಗು ನೆಲದ ಕೆಟ್ಟ ಗಾಳಿಯಿಂದ, ಅದರಲ್ಲೂ ರಾತ್ರಿಯ ಗಾಳಿಯಿಂದ ಅಂತ ಬಹಳ ಜನ ನಂಬಿದ್ದರು. 1900ರಲ್ಲಿ ಬ್ರಿಟನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಇದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದರು. ರೋಮ್ ನಗರದ ಬಳಿ ಓಸ್ಟಿಯಾ ಕಡೆಯ ಜವುಗು ಪ್ರದೇಶದಲ್ಲಿ ಮಲೇರಿಯಾ ವಿಪರೀತ. ಅಲ್ಲಿ ಬಾಗಿಲು-ಕಿಟಕಿಗೆಲ್ಲ ತಂತಿ ಜಾಲರಿ ಹಾಕಿದ ಒಂದು ಗುಡಿಸಲು ಕಟ್ಟಿಸಿದರು. ಲೂಯಿಜಿ ಸ್ಯಾಂಬನ್, ಜಾರ್ಜ್ ಕಾರ್ಮೈಕಲ್ ಲೋ ಎಂಬ ವೈದ್ಯರು ಮಲೇರಿಯಾ ಕಾಲದುದ್ದಕ್ಕೂ ಅದರಲ್ಲಿ ವಾಸ ಮಾಡಿದರು. ಹೊತ್ತು ಮುಳುಗುವ ಮುಂಚೆ ಒಳಗೆ ಸೇರುವುದು, ಬೆಳಗಾದ ಮೇಲೆ ಹೊರಗೆ ಬರುವುದು. ರಾತ್ರಿಯೆಲ್ಲ ಅವರು ಉಸಿರಾಡಿದ್ದು ಅದೇ ಜವುಗಿನ ಗಾಳಿಯನ್ನು. ಸುತ್ತಲಿನವರು ಜ್ವರದಿಂದ ನರಳಿದರು, ಇವರಿಗೆ ಏನೂ ಆಗಲಿಲ್ಲ. ಜಾಲರಿ ಗಾಳಿಯನ್ನು ಸೋಸುವುದಿಲ್ಲ ಅನ್ನುವುದೇ ಆ ಪ್ರಯೋಗದ ಬಲ. ಗಾಳಿ ಒಳಗೆ ಬಂದಿತ್ತು, ಸೊಳ್ಳೆ ಬಂದಿರಲಿಲ್ಲ. ತಪ್ಪು ಗಾಳಿಯದಲ್ಲ ಅನ್ನುವುದಕ್ಕೆ ಇನ್ನೇನು ಬೇಕು?

ಕೊಳೆಯಾದ ಮೆಶ್

ಇಲ್ಲಿಯವರೆಗೆ ಹೇಳಿದ್ದೆಲ್ಲ ಸ್ವಚ್ಛವಾದ ಮೆಶ್‌ನ ಮಾತು. ಮನೆಗಳಲ್ಲಿರುವುದು ಬಹುಪಾಲು ಬೇರೆಯೇ.

ಎಳೆಯ ಸುತ್ತ ಬರೀ 0.06 ಮಿಲಿಮೀಟರ್ ದಪ್ಪ ದೂಳು ಕೂತಿದೆ ಅನ್ನಿ. ಒಂದು ತಲೆಕೂದಲಿನಷ್ಟೂ ದಪ್ಪ ಅಲ್ಲ. ಆದರೆ ಅದು ಎಳೆಯ ಎರಡೂ ಬದಿಗೆ ಸೇರುವುದರಿಂದ ಎಳೆ 0.28ರಿಂದ 0.4 ಮಿಲಿಮೀಟರ್ ಆಗುತ್ತದೆ. ಗಾಳಿಗೆ ಉಳಿಯುವ ಜಾಗ ನೂರಕ್ಕೆ 66 ಇದ್ದದ್ದು 54ಕ್ಕೆ ಇಳಿಯುತ್ತದೆ. ಕೂದಲೆಳೆ, ಜೇಡರ ಬಲೆ, ಸತ್ತ ಹುಳ ಸೇರಿದರೆ ಇನ್ನೂ ಕಡಿಮೆ. ಅಡುಗೆಮನೆ ಕಿಟಕಿಯ ಮೆಶ್‌ನ ಪಾಡಂತೂ ಕೇಳುವುದೇ ಬೇಡ. ಕರಿಯುವಾಗ, ಹುರಿಯುವಾಗ ಮೇಲೇಳುವ ಎಣ್ಣೆಯ ಹನಿಗಳು ಎಳೆಗೆ ಅಂಟುತ್ತವೆ. ಆ ಜಿಡ್ಡಿಗೆ ದೂಳು ಅಂಟುತ್ತದೆ. ಹತ್ತಿರದಿಂದ ನೋಡಿದರೆ ಚೌಕದ ಮೂಲೆಗಳು ಮೊದಲು ತುಂಬಿರುತ್ತವೆ. ಚೌಕ ಮೆಲ್ಲಗೆ ದುಂಡಗಾಗುತ್ತದೆ, ದುಂಡಗಿನದು ಚುಕ್ಕೆಯಾಗುತ್ತದೆ. ಕೊನೆಗೆ ಕಂದು ಬಣ್ಣದ ಪದರವೊಂದೇ ಉಳಿಯುತ್ತದೆ.

ಇದರ ಪೆಟ್ಟು ಎಕ್ಸಾಸ್ಟ್ ಫ್ಯಾನಿಗೂ ಬೀಳುತ್ತದೆ. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಬೇರೆ ಕಡೆಯಿಂದ ಒಳಗೆ ಬರಬೇಕು. ಬರುವ ದಾರಿ ಕಟ್ಟಿಕೊಂಡಿದ್ದರೆ ಫ್ಯಾನ್ ಸುಮ್ನೆ ಸದ್ದು ಮಾಡುತ್ತದೆ, ಹೊಗೆ ಒಳಗೇ ಸುತ್ತುತ್ತದೆ. ಫ್ಯಾನ್ ಕೆಟ್ಟಿದೆ ಅಂತ ಬದಲಾಯಿಸುವ ಮುಂಚೆ ಮೆಶ್‌ನ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ.

ಮಳೆಯಲ್ಲಿ ನೆನೆದ ಮೆಶ್ ಇನ್ನೊಂದು ತೊಂದರೆ. ಒಂದು ಮಿಲಿಮೀಟರ್ ತೂತಿನಲ್ಲಿ ನೀರು ತೆಳ್ಳಗಿನ ಪೊರೆಯಂತೆ ನಿಂತುಬಿಡುತ್ತದೆ. ಪೊರೆ ಒಡೆಯುವವರೆಗೆ ಅಥವಾ ಒಣಗುವವರೆಗೆ ಆ ತೂತು ಮುಚ್ಚಿದಂತೆಯೇ ಲೆಕ್ಕ. ಚೌಕಟ್ಟಿಗೆ ಎರಡು ಸಲ ಮೆಲ್ಲಗೆ ತಟ್ಟಿದರೆ ಬಹಳಷ್ಟು ಹನಿ ಉದುರುತ್ತವೆ.

ಮೆಶ್ ಹಿಡಿದ ದೂಳು ಅಲ್ಲೇ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಜೋರು ಗಾಳಿ ಬೀಸಿದಾಗ, ಬಾಗಿಲು ದಢಾರನೆ ಬಡಿದಾಗ ಮೆಶ್ ನಡುಗುತ್ತದೆ. ಕೂತ ದೂಳು, ಪರಾಗ ಒಂದೇ ಸಲಕ್ಕೆ ಎದ್ದು ಒಳಗೆ ಬರುತ್ತವೆ. ಅಲರ್ಜಿ, ಉಬ್ಬಸ ಇರುವವರು ಕಿಟಕಿಯ ಪಕ್ಕದಲ್ಲೇ ತಲೆ ಇಟ್ಟು ಮಲಗುವವರಾದರೆ ಮೆಶ್ ಸ್ವಚ್ಛವಾಗಿರುವುದು ಅವರಿಗೆ ತುಂಬಾ ಮುಖ್ಯ.

ಜಾರುವ ಕಿಟಕಿಗಳಲ್ಲಿ ಮೆಶ್‌ಗಿಂತ ಕೆಟ್ಟ ಜಾಗ ಕೆಳಗಿನ ಟ್ರ್ಯಾಕ್. ದೂಳು, ಹುಳ, ಮಳೆನೀರು ಮೂರೂ ಅಲ್ಲಿ ಸೇರುತ್ತವೆ. ಬೂಷ್ಟು ಬೆಳೆಯಲು ಇನ್ನೇನು ಬೇಕು? ಗಾಳಿ ಒಳಗೆ ಬರುವ ದಾರಿಯಲ್ಲೇ ಅದು ಕೂತಿರುತ್ತದೆ. ಟ್ರ್ಯಾಕ್‌ನಲ್ಲಿ ನೀರು ಹೊರಗೆ ಹೋಗಲು ಸಣ್ಣ ಕಿಂಡಿಗಳಿರುತ್ತವೆ. ಅವು ಕಟ್ಟಿಕೊಂಡಿವೆಯಾ ಅಂತ ನೋಡುವುದು ಬಹಳ ಜನಕ್ಕೆ ನೆನಪೇ ಆಗುವುದಿಲ್ಲ.

ನವಿರಾದ ಮೆಶ್ ಹಾಕಿದರೆ?

ತೂತು ಚಿಕ್ಕದಾದಷ್ಟೂ ಒಳ್ಳೆಯದಲ್ಲವೇ ಅಂತ ಕೇಳುವವರಿದ್ದಾರೆ. ತೀರಾ ಸಣ್ಣ ಹುಳಗಳ ಕಾಟ ಇದ್ದರೆ ಇಂಚಿಗೆ 20 ಅಥವಾ ಹೆಚ್ಚು ಎಳೆಗಳಿರುವ ಮೆಶ್ ಬೇಕಾಗಬಹುದು. ಗಾಳಿ ಶುದ್ಧ ಮಾಡುವ ಆಸೆಗೆ ಅದನ್ನು ಹಾಕುವುದು ಬೇಡ. ತೂತು ಒಂದು ಮಿಲಿಮೀಟರ್ ಆದರೂ ಪಿಎಂ 2.5ಕ್ಕೆ ಅದು ವಿಶಾಲವೇ. ಗಾಳಿಯ ಹರಿವು ಮಾತ್ರ ಇನ್ನಷ್ಟು ಕಡಿಮೆ, ಕೊಳೆ ಕಟ್ಟಿಕೊಳ್ಳುವುದೂ ಬೇಗ.

ನಿಜವಾಗಿ ಸೋಸುವ ಮೆಶ್ ಮಾಡುವ ಪ್ರಯತ್ನಗಳೂ ನಡೆದಿವೆ. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಯೀ ಕ್ವೀ ಅವರ ತಂಡ ಪಾಲಿಅಕ್ರಿಲೋನೈಟ್ರೈಲ್ ಎಂಬ ಪ್ಲಾಸ್ಟಿಕ್‌ನ ಅತಿ ನವಿರಾದ ಎಳೆಗಳಿಂದ ಪಾರದರ್ಶಕ ಸೋಸುಪರದೆ ಮಾಡಿತು. ನೂರಕ್ಕೆ ಸುಮಾರು 90ರಷ್ಟು ಬೆಳಕು ಬಿಟ್ಟು, ಪಿಎಂ 2.5ರಲ್ಲಿ 95ಕ್ಕೂ ಹೆಚ್ಚನ್ನು ಅದು ಹಿಡಿಯಿತು. ಅದರ ಉಪಾಯ ಚೆನ್ನಾಗಿದೆ. ಎಳೆ ಅಷ್ಟೊಂದು ನವಿರಾದಾಗ ಗಾಳಿ ಅದಕ್ಕೆ ಅಂಟಿ ನಿಲ್ಲದೆ ಜಾರಿಕೊಂಡು ಹೋಗುತ್ತದೆ, ಹಾಗಾಗಿ ಅಡ್ಡಿ ಕಡಿಮೆ. ಕಣಗಳು ಮಾತ್ರ ಎಳೆಯ ಮೈಗೆ ಬಲವಾಗಿ ಅಂಟಿಕೊಳ್ಳುತ್ತವೆ.

ಪ್ರಯೋಗಾಲಯದಲ್ಲಿ ಇದು ಸೊಗಸು. ಕಿಟಕಿಯಲ್ಲಿ ಕಷ್ಟಗಳಿವೆ. ಹಿಡಿದ ಕಣ ಅಲ್ಲೇ ಉಳಿಯುವುದರಿಂದ ದಿನ ಕಳೆದಂತೆ ಪರದೆ ಕಟ್ಟಿಕೊಳ್ಳುತ್ತದೆ. ಅಷ್ಟು ನವಿರಾದದ್ದನ್ನು ಉಜ್ಜಿ ತೊಳೆಯಲು ಆಗದು. ಇನ್ನೂ ದೊಡ್ಡ ತೊಡಕು ಒತ್ತಡದ್ದು. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಕಿಟಕಿಯ ಮೇಲೆ ಹಾಕುವ ಒತ್ತಡ ಸುಮಾರು 0.6 ಪ್ಯಾಸ್ಕಲ್. ಮೂರು ಮೀಟರ್ ವೇಗಕ್ಕೂ ಬರೀ 5 ಪ್ಯಾಸ್ಕಲ್ ಚಿಲ್ಲರೆ. ಗಟ್ಟಿಯಾಗಿ ಸೋಸುವ ಹೆಪಾ ಫಿಲ್ಟರ್ ದಾಟಲು ಗಾಳಿಗೆ ಹತ್ತಾರು, ಕೆಲವೊಮ್ಮೆ ನೂರಾರು ಪ್ಯಾಸ್ಕಲ್ ಬೇಕು. ಅದಕ್ಕೇ ಏರ್ ಪ್ಯೂರಿಫೈಯರ್‌ನಲ್ಲಿ ಫ್ಯಾನ್ ಇರುತ್ತದೆ. ಕಿಟಕಿಗೆ ಹಿಂದಿನಿಂದ ತಳ್ಳುವವರು ಯಾರೂ ಇಲ್ಲ. ಇನ್ನು ಓಝೋನ್, ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲಗಳನ್ನು ದೂಳು ಹಿಡಿಯುವ ಯಾವ ಪರದೆಯೂ ತಡೆಯುವುದಿಲ್ಲ.

ಹಾಗಾಗಿ ಹೊರಗಿನ ಗಾಳಿಯೇ ಕೆಟ್ಟಿರುವಾಗ ಮೆಶ್ ಇದೆ ಅಂತ ಧೈರ್ಯ ಮಾಡಬೇಡಿ. ಪಕ್ಕದಲ್ಲಿ ಕಸ ಸುಡುತ್ತಿದ್ದರೆ, ಕಾಡ್ಗಿಚ್ಚಿನ ಹೊಗೆ ಕವಿದಿದ್ದರೆ, ಎದುರಿನ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದರೆ ಕಿಟಕಿ ಮುಚ್ಚುವುದೇ ಸರಿ. ಪ್ಯೂರಿಫೈಯರ್ ಇದ್ದರೆ ಹಾಕಿ. ಹೊಗೆ ಕಳೆದ ಮೇಲೆ ಎದುರುಬದುರಿನ ಎರಡು ಕಿಟಕಿ ತೆರೆಯಿರಿ. ಒಂದೇ ಕಿಟಕಿ ಪೂರ್ತಿ ತೆರೆಯುವುದಕ್ಕಿಂತ ಎದುರುಬದುರು ಎರಡನ್ನು ಅರ್ಧರ್ಧ ತೆರೆದರೂ ಗಾಳಿ ಹೆಚ್ಚು ಆಡುತ್ತದೆ. ಮೆಶ್‌ನಿಂದಾದ ನಷ್ಟವನ್ನು ತುಂಬಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ತೊಳೆಯುವುದು ಕಷ್ಟದ ಕೆಲಸವಲ್ಲ, ಕ್ರಮ ಸರಿ ಇರಬೇಕು ಅಷ್ಟೆ. ಒಣಗಿದ ಮೆಶ್ ಅನ್ನು ಒಳಗಿನಿಂದ ಪೊರಕೆಯಲ್ಲಿ ಜಾಡಿಸಿದರೆ ದೂಳು ಕೋಣೆಯಲ್ಲೇ ಹಾರಾಡುತ್ತದೆ. ಬಿಚ್ಚಲು ಬರುವಂಥದ್ದಾದರೆ ಹೊರಗೆ ತೆಗೆದುಕೊಂಡು ಹೋಗಿ ಮಲಗಿಸಿ, ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆ ಬ್ರಷ್‌ನಿಂದ ಎರಡೂ ಬದಿ ಉಜ್ಜಿ. ಒತ್ತಿ ಉಜ್ಜಿದರೆ ಫೈಬರ್‌ಗ್ಲಾಸ್ ಎಳೆಗಳು ಸರಿದು ತೂತು ದೊಡ್ಡದಾಗುತ್ತದೆ, ಸೊಳ್ಳೆಗೆ ದಾರಿಯಾಗುತ್ತದೆ. ಬಿಚ್ಚಲು ಬರದಿದ್ದರೆ ವ್ಯಾಕ್ಯೂಮ್ ಕ್ಲೀನರ್‌ಗೆ ಬ್ರಷ್ ಸಿಕ್ಕಿಸಿ ಒಳಗಿನಿಂದ ಎಳೆಯಿರಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಮೆಶ್‌ಗೆ ತಿಂಗಳಿಗೊಮ್ಮೆ, ರಸ್ತೆ ಕಡೆಯದಕ್ಕೆ ಎರಡು ತಿಂಗಳಿಗೊಮ್ಮೆ, ಉಳಿದವಕ್ಕೆ ವರ್ಷಕ್ಕೆ ಎರಡು-ಮೂರು ಸಲ ಮಾಡಿದರೆ ಸಾಕು ಅನ್ನುವುದು ನನ್ನ ಅಂದಾಜು. ಆದರೆ ಕ್ಯಾಲೆಂಡರ್‌ಗಿಂತ ಕಣ್ಣನ್ನೇ ನಂಬಿ. ಮೆಶ್‌ನ ಆಚೆಯ ಬೆಳಕು ಮಂಕಾಗಿ ಕಂಡರೆ ಗಾಳಿಯೂ ಅಷ್ಟೇ ಮಂಕಾಗಿ ಬರುತ್ತಿದೆ. ಸಂಶಯ ಇದ್ದರೆ ತೆಳ್ಳಗಿನ ಟಿಶ್ಯೂ ಕಾಗದದ ಒಂದು ಪಟ್ಟಿಯನ್ನು ಮೆಶ್‌ನ ಒಳಬದಿಗೆ ತೂಗುಬಿಡಿ. ಅದು ಎಷ್ಟು ಅಲುಗುತ್ತದೆ ಅಂತ ತೊಳೆಯುವ ಮುಂಚೆ ಒಮ್ಮೆ, ತೊಳೆದು ಒಣಗಿಸಿದ ಮೇಲೆ ಒಮ್ಮೆ ನೋಡಿ. ಗಾಳಿ ಹೆಚ್ಚುಕಡಿಮೆ ಒಂದೇ ಥರ ಬೀಸುತ್ತಿರುವ ಹೊತ್ತು ಆರಿಸಿಕೊಂಡರೆ ವ್ಯತ್ಯಾಸ ನಿಮಗೇ ಕಾಣುತ್ತದೆ.